ದಗಡಫೂಲವೂ ಹಿಮಸಾರಂಗದ ಮೇವೂ ಒಂದೆಯೇ?

ಬೆಳಗಾವಿಯ ಪೇಟೆಯಲ್ಲಿ ಮಸಾಲೆಗೆಂದು ಕೊಳ್ಳುವ ದಗಡಫೂಲವೂ ಉತ್ತರದ ಶೀತಪ್ರದೇಶಗಳಲ್ಲಿ ಹಿಮಸಾರಂಗ ತಿನ್ನುವ ‘ಪಾಚಿ’ಯೂ ಒಂದೆಯೇ ಎಂದು ತಾವು ಕೇಳಿದ್ದೀರಿ. ಎರಡೂ ಕಲ್ಲುಹೂವುಗಳೇ, ಆದರೆ ಪ್ರಭೇದ ಬೇರೆ. ಪಾಚಿ, ಅಂದರೆ ಮಾಸ್ ಎಂಬ ಸಸ್ಯ, ಎರಡೂ ಅಲ್ಲ, ಏಕೆಂದರೆ ಇವು ಶಿಲೀಂಧ್ರವೂ ಹಸಿರು ಶೈವಲವೂ (ಆಲ್ಗೆ) ಕೂಡಿ ಬಾಳುವ ಜೀವಿಗಳು. ನಮ್ಮ ದಗಡಫೂಲ ತೊಗಟೆ, ಬಂಡೆಗಳಿಗೆ ಅಂಟಿಕೊಂಡು ಹರಡಿದರೆ, ಕ್ಲಾಡೋನಿಯಾ ರಾಂಜಿಫೆರಿನಾ ಎಂಬ ಆ ಮೇವು ನೆಲದ ಮೇಲೆ ಬೂದುಬಣ್ಣದ ಪುಟ್ಟ ಪೊದೆಯಾಗಿ ಕವಲೊಡೆಯುತ್ತದೆ; ಒಣಗಿದಾಗ ಹಪ್ಪಳದಂತೆ ಮುರಿಯುವ ಅದು ನೀರು ತಗುಲಿದೊಡನೆ ಮೆತ್ತಗಾಗುತ್ತದೆ.

ಚಳಿಗಾಲದಲ್ಲಿ ಹಿಮಸಾರಂಗಗಳು ಹಿಮದಡಿಯ ಈ ಮೇವನ್ನು ವಾಸನೆಯಿಂದಲೇ ಪತ್ತೆಹಚ್ಚಿ ಗೊರಸಿನಿಂದ ಕೆದರಿ ತಿನ್ನುತ್ತವೆ. ಅದರಲ್ಲಿ ಪ್ರೋಟೀನು ತೀರ ಕಡಿಮೆ, ಪಿಷ್ಟದಂಥ ಶರ್ಕರಗಳೇ ಹೆಚ್ಚು. ಅವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಹಿಮಸಾರಂಗದ ಹೊಟ್ಟೆಯಲ್ಲಿವೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವುದರಿಂದ, ಒಮ್ಮೆ ಮೇದು ಬರಿದಾದ ನೆಲ ಚೇತರಿಸಿಕೊಳ್ಳಲು ದಶಕಗಳೇ ಬೇಕು.

ತಾವು ಕೇಳದಿದ್ದರೂ ಇನ್ನೊಂದು ಸಂಗತಿ ಹೇಳಲೇಬೇಕು: ಬೇರಿಲ್ಲದ ಈ ಜೀವಿ ಗಾಳಿ, ಮಳೆಗಳಿಂದಲೇ ಆಹಾರ ಹೀರುವುದರಿಂದ, 1986ರ ಚೆರ್ನೋಬಿಲ್ ಅಣುದುರಂತದ ವಿಕಿರಣಶೀಲ ಸೀಸಿಯಂ ಇದರಲ್ಲಿ ಸಂಗ್ರಹವಾಗಿ, ಇದನ್ನು ತಿಂದ ನಾರ್ವೆ, ಸ್ವೀಡನ್‌ಗಳ ಹಿಮಸಾರಂಗಗಳ ಮಾಂಸಕ್ಕೂ ಸೇರಿತು, ಆ ಮಾಂಸದ ಬಹುಭಾಗವನ್ನು ಮಾರಲಾಗದೆ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನಾಂಗದ ಪಶುಪಾಲಕರು ಕಷ್ಟಕ್ಕೀಡಾದರು.