ಘಾಟಿ ಭಯಕ್ಕೆ ಧೈರ್ಯ ಒಂದೇ ಔಷಧಿ ಅಲ್ಲ

ತೀರ್ಥಹಳ್ಳಿ ಕಡೆಯ ಓದುಗರೊಬ್ರ ಪತ್ರ ಇದು, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಮಗಳು ಉಡುಪೀಲಿ ಬಾಣಂತಿ. ಹೋದ ಮಳೆಗಾಲ ಆಗುಂಬೆ ಘಾಟೀಲಿ ಬಸ್ಸು ತಿರುವಲ್ಲಿ ಜಾರಿ ತಡೆಗೋಡೆಗೆ ತಾಗಿ ನಿಂತಿತ್ತಂತೆ, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆವತ್ತಿಂದ ಬಸ್ ಸ್ಟ್ಯಾಂಡಿಗೆ ಹೋದ್ರೇ ಎದೆ ಡವಡವ, ಅಂಗೈ ಬೆವರು, ಹೊಟ್ಟೆ ತೊಳಸಿದ ಹಾಗೆ. "ಕಣ್ಮುಚ್ಚಿ ಉಸಿರು ಗಮನಿಸಿ ಅಂದ್ರು, ಮಾಡಿದೆ, ಜಾಸ್ತಿನೇ ಆಯ್ತು. ಇದೆಲ್ಲ ಸುಳ್ಳಾ?" ಅಂತ ಕೇಳಿದ್ದಾರೆ.

ಸುಳ್ಳಲ್ಲ ಮಾರಾಯ್ರೇ. ನೀವು ಉಸಿರು ನೋಡ್ತಾ ಕೂತಿದ್ದು ಭಯ ಹೋಗ್ಲಿ ಅಂತ, ಹೋಯ್ತಾ ಹೋಯ್ತಾ ಅಂತ ಗಳಿಗೆಗೊಂದ್ಸಲ ಇಣುಕ್ತಾ ಕೂತ್ರೆ ಅದು ಎಲ್ಲಿಗೆ ಹೋಗುತ್ತೆ? ಜಾನ್ ಕಬಟ್-ಜಿನ್ ಅನ್ನೋರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಡಿಕಲ್ ಕಾಲೇಜೊಂದರಲ್ಲಿ ಹೀಗೆ ಗಮನಿಸೋದನ್ನ ಕಲಿಸೋ ಕೆಲವು ವಾರಗಳ ಕ್ಲಾಸ್ ಶುರು ಮಾಡಿದ್ರು, ಬಂದೋರಲ್ಲಿ ಸುಮಾರು ಜನ ವರ್ಷಗಟ್ಟಲೆ ನೋವು ತಿಂದೋರು. ಮಲ್ಕೊಂಡು ಕಾಲ್ಬೆರಳಿಂದ ನೆತ್ತಿವರೆಗೂ ಒಂದೊಂದೇ ಕಡೆ ಗಮನ ಇಡೋದು, ಅದಕ್ಕೆ ಬಾಡಿ ಸ್ಕ್ಯಾನ್ ಅಂತಾರೆ. ಬೇರು ನಮ್ಮ ಕಡೆಯ ಬೌದ್ಧರ ವಿಪಶ್ಯನ ಧ್ಯಾನದ್ದೇ. ಅಲ್ಲಿ ನೋವು ಓಡಿಸ್ತೀವಿ ಅಂತ ಯಾರೂ ಮಾತು ಕೊಡಲ್ಲ, ಎಲ್ಲಿದೆ ಹೆಂಗಿದೆ ನೋಡಿ ಅಂತಾರೆ ಅಷ್ಟೇ.

ನಿಮ್ಮ ವಿಷಯಕ್ಕೆ ಬರೋಣ. ಅಪಾಯ ಅನ್ನಿಸಿದ ಕೂಡ್ಲೇ ಮೈಯಲ್ಲಿ ಅಡ್ರಿನಾಲಿನ್ ಅನ್ನೋ ಹಾರ್ಮೋನ್ ಏರುತ್ತೆ, ಹೃದಯ ಜೋರಾಗುತ್ತೆ, ಹೊಟ್ಟೆಗೆ ಹೋಗೋ ರಕ್ತ ಕೈಕಾಲಿನ ಕಡೆ ತಿರುಗುತ್ತೆ, ಓಡೋದಕ್ಕೆ ತಯಾರಿ. ಓಡೋಕೆ ಜಾಗ ಇಲ್ದೆ ಸೀಟಲ್ಲಿ ಕೂತಿದ್ರೆ ಆ ತಯಾರಿಯೆಲ್ಲ ಸಂಕಟವಾಗೇ ಕಾಣುತ್ತೆ. ಎದೆ ಕಡೆ ನೋಡಿದ್ರೆ ಗಾಬರಿ ಏರೋರು ಬಹಳ ಜನ ಇದ್ದಾರೆ, ಅಂಥೋರು ಕಣ್ಮುಚ್ಚೋದೇ ಬೇಡ. ಗಮನ ಪಾದಕ್ಕೆ ತಗೊಂಡ್ಹೋಗಿ. ಚಪ್ಪಲಿ ಒಳಗೆ ಹೆಬ್ಬೆರಳು ಎಲ್ಲಿ ಒತ್ತುತ್ತಿದೆ, ಎದುರು ಸೀಟಿನ ಕಂಬಿ ಹಿಡಿದ ಕೈಗೆ ಕಬ್ಬಿಣ ತಣ್ಣಗಿದೆಯಾ, ಬಸ್ಸು ಅದುರೋದು ತೊಡೆಗೆ ಗೊತ್ತಾಗ್ತಿದೆಯಾ. ಒಂದ್ಸಲ ಎದೆಗೆ ಹೋಗಿ ಬನ್ನಿ, ಮತ್ತೆ ಪಾದ. ಉಸಿರು ಒಳಗೆ ತಗೊಂಡಿದ್ದಕ್ಕಿಂತ ನಿಧಾನ ಹೊರಗೆ ಬಿಡಿ, ಬಿಡೋ ಹೊತ್ತಿಗೆ ಎದೆಬಡಿತ ಒಂಚೂರು ಇಳಿಯೋದು ಹೆಚ್ಚಿನವರ ಮೈಯಲ್ಲೂ ಇದ್ದಿದ್ದೇ.

ಮೊದಲ ದಿನವೇ ಉಡುಪಿ ಬೇಡ. ಆಗುಂಬೆ ಊರಲ್ಲೇ ಇಳೀರಿ, ಸೂರ್ಯಾಸ್ತ ನೋಡೋ ಕಟ್ಟೆ ಹತ್ರ ನಿಂತು ಕೆಳಗಿನ ರಸ್ತೆ ನೋಡಿ, ಡವಡವ ಬರ್ಲಿ, ತಾನಾಗಿ ಇಳಿಯೋವರೆಗೂ ಇದ್ದು ಮನೆಗೆ ಬನ್ನಿ. ಜೋರಾಗಿರುವಾಗ್ಲೇ ವಾಪಸ್ ಓಡಿದ್ರೆ ಮೆದುಳು "ಓಡಿದ್ದಕ್ಕೇ ಬಚಾವಾದೆ" ಅಂತ ಕಲಿಯುತ್ತೆ. ಎರಡು ಮೂರು ಸಲ ಹೀಗೆ ಆದ್ಮೇಲೆ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರದವರೆಗೆ. ಜೊತೆಗೆ ಯಾರನ್ನಾದ್ರೂ ಕರ್ಕೊಳ್ಳಿ, "ಇಷ್ಟಕ್ಕೆಲ್ಲ ಹೆದರ್ತಾರಾ" ಅನ್ನೋ ಭಾವಂದಿರನ್ನ ಬಿಟ್ಟು. ಅದಕ್ಕೂ ಮೊದಲು ಒಂದು ಇಸಿಜಿ ಮಾಡಿಸಿ, ಎದೆ ವಿಷಯ ಅಂದಾಜಿನ ಮೇಲೆ ಬಿಡಬಾರದು. ಬಸ್ ಜಾರಿದ್ದು ರಾತ್ರಿ ಕನಸಲ್ಲೂ ಬರ್ತಾ ಇದ್ರೆ ಮನೋವೈದ್ಯರ ಹತ್ರ ಹೋಗಿ, ಶಿವಮೊಗ್ಗದಲ್ಲೇ ಸಿಗ್ತಾರೆ.

ವಾಂತಿ ಮಾತ್ರೆ ತಗೋಬಹುದಾ ಅಂತ ಕೊನೇಲಿ ಕೇಳಿದ್ದೀರಿ. ಹೊಟ್ಟೆ ತೊಳಸೋದೆಲ್ಲ ಭಯವೇ ಅಲ್ಲ, ತಿರುವಲ್ಲಿ ಕಿವಿಯೊಳಗಿನ ಸಮತೋಲನದ ಅಂಗ ಹೇಳೋದೊಂದು, ಕಣ್ಣು ಹೇಳೋದಿನ್ನೊಂದು ಆದಾಗ್ಲೂ ತೊಳಸುತ್ತೆ. ಬಸ್ ಹತ್ತೋ ಮೊದಲೇ ಶುರುವಾದ್ರೆ ಭಯದ್ದು, ತಿರುವಲ್ಲಿ ಏರಿ ಸಪಾಟು ರಸ್ತೇಲಿ ಇಳಿದ್ರೆ ಪ್ರಯಾಣದ್ದು. ಎರಡನೇದಾದ್ರೆ ಡಾಕ್ಟ್ರನ್ನ ಕೇಳಿ ಹೊರಡೋ ಅರ್ಧ ಗಂಟೆ ಮೊದಲು ಮಾತ್ರೆ ತಗೊಳ್ಳಿ, ನಿದ್ದೆ ಬರಬಹುದು, ಮುಂದಿನ ಸೀಟಲ್ಲಿ ಕೂತು ದೂರದ ರಸ್ತೆ ನೋಡ್ತಾ ಇರಿ, ಮೊಬೈಲ್ ಮಾತ್ರ ಬ್ಯಾಗಲ್ಲೇ ಇರ್ಲಿ.

– ಸಂ.