ಕಾರ್ಡ್ ಮೆಷಿನ್ ಹಾಕಿಸೋ ಮೊದಲು ಬಾಡಿಗೆಯ ಲೆಕ್ಕ ನೋಡಿ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ವರ್ಷಕ್ಕೆ ಸುಮಾರು 18 ಲಕ್ಷದ ವ್ಯಾಪಾರ. ಸ್ಕ್ಯಾನರ್ ಇಟ್ಟಿದ್ದೇವೆ. ಆದರೆ ಹೊರಗಿನಿಂದ ಬಂದವರು ನಾಲ್ಕು ಸೀರೆ ಆರಿಸಿ, ಕೊನೆಗೆ ‘ಕ್ರೆಡಿಟ್ ಕಾರ್ಡ್ ತಗೋತೀರಾ?’ ಅಂತಾರೆ. ಇಲ್ಲ ಅಂದರೆ ಮೂರನ್ನು ವಾಪಸ್ ಇಟ್ಟು ಒಂದೇ ಒಯ್ಯುತ್ತಾರೆ. ತಿಂಗಳಿಗೆ 400 ರೂಪಾಯಿ ಬಾಡಿಗೆಗೆ ಮೆಷಿನ್ ಕೊಡ್ತೀವಿ ಅಂತ ಒಬ್ಬರು ಬಂದಿದ್ದರು. ತಗೊಳ್ಳಲಾ? ಕಾರ್ಡಿಗೆ 2% ಜಾಸ್ತಿ ಗಿರಾಕಿಯಿಂದಲೇ ತಗೊಂಡರೆ ನಡೆಯುತ್ತಾ?
— ಹೆಸರು ಬೇಡ, ಇಳಕಲ್

ಉತ್ತರ: ಮೆಷಿನ್ ಆಮೇಲೆ. ಮೊದಲು ನಿಮ್ಮ ಸ್ಕ್ಯಾನರ್ ನೋಡೋಣ. ಅದು ನಿಮ್ಮ ಸ್ವಂತ ಮೊಬೈಲ್ ನಂಬರಿನದಾ, ಅಂಗಡಿ ಹೆಸರಲ್ಲಿ ಮಾಡಿಸಿದ್ದಾ? ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಅಂಗಡಿಯ ಕ್ಯೂಆರ್‌ಗೆ ಮಾತ್ರ ದುಡ್ಡು ಹಾಕಬಹುದು, ಸ್ವಂತ ನಂಬರಿನ ಕ್ಯೂಆರ್‌ಗೆ ಆಗುವುದಿಲ್ಲ. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಇದಕ್ಕೆ ಕಮಿಷನ್ (ಅಂಗಡಿಗೆ ಬರುವ ದುಡ್ಡಿನಲ್ಲಿ ಬ್ಯಾಂಕ್ ಹಿಡಿದುಕೊಳ್ಳುವ ಪಾಲು) ಕೂಡ ಇಲ್ಲ. ಅಂಗಡಿ ಹೆಸರಿನ ಕ್ಯೂಆರ್ ಮಾಡಿಸಿದರೆ ‘ಕ್ರೆಡಿಟ್ ಕಾರ್ಡ್ ಇದೆಯಾ’ ಅನ್ನುವವರಲ್ಲಿ ಒಂದಷ್ಟು ಜನ ಅಲ್ಲೇ ಮುಗಿಸುತ್ತಾರೆ.

ಉಳಿದವರಿಗೆ ಮೆಷಿನ್ ಬೇಕು. ಅದರ ಕಮಿಷನ್ ಎಲ್ಲ ಕಾರ್ಡಿಗೂ ಒಂದೇ ಅಲ್ಲ, ಮಾರಲು ಬಂದವರು ಇದನ್ನು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. 6,000 ರೂಪಾಯಿಯ ಒಂದು ಸೀರೆ ಮಾರಿದಿರಿ ಅಂತಿಟ್ಟುಕೊಳ್ಳಿ. ಗಿರಾಕಿ ರುಪೇ ಡೆಬಿಟ್ ಕಾರ್ಡ್ ಕೊಟ್ಟರೆ ಕಮಿಷನ್ ಸೊನ್ನೆ, 2020ರ ಜನವರಿಯಿಂದ ಹೀಗೇ ಇದೆ. ವೀಸಾ, ಮಾಸ್ಟರ್ ಡೆಬಿಟ್ ಕಾರ್ಡಾದರೆ, ವರ್ಷಕ್ಕೆ 20 ಲಕ್ಷದೊಳಗಿನ ವ್ಯಾಪಾರದವರಿಗೆ ರಿಸರ್ವ್ ಬ್ಯಾಂಕ್ ಹಾಕಿದ ಮಿತಿ 0.40%. ಅಂದರೆ ಹೆಚ್ಚೆಂದರೆ 24 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ. 2% ಅಂತ ಹಿಡಿದರೆ 120 ರೂಪಾಯಿ, ಜಿಎಸ್‌ಟಿ ಸೇರಿ 141 ರೂಪಾಯಿ 60 ಪೈಸೆ. ಒಪ್ಪಂದದಲ್ಲಿ ‘ಎಲ್ಲ ಕಾರ್ಡಿಗೂ 2%’ ಅಂತ ಬರೆದಿದ್ದರೆ ಸಹಿ ಹಾಕಬೇಡಿ, ಬೇರೆ ಬೇರೆ ಬರೆಸಿಕೊಳ್ಳಿ.

ಇನ್ನು ಬಾಡಿಗೆ. ನನ್ನ ಪ್ರಕಾರ ಸಣ್ಣ ಅಂಗಡಿಗೆ ಕಮಿಷನ್‌ಗಿಂತ ಜಾಸ್ತಿ ಹೊಡೆತ ಕೊಡುವುದು ಇದೇ. ತಿಂಗಳಿಗೆ 20,000 ರೂಪಾಯಿಯಷ್ಟೇ ಕಾರ್ಡ್ ವ್ಯಾಪಾರವಾದರೆ 400 ರೂಪಾಯಿ ಬಾಡಿಗೆಯೇ 2% ಆಗಿಬಿಡುತ್ತದೆ. ಕಮಿಷನ್ ಬೇರೆ! ಮದುವೆ ಸೀಸನ್ ಬಿಟ್ಟರೆ ನಿಮ್ಮಲ್ಲಿ ಕಾರ್ಡ್ ಕೇಳುವವರು ತಿಂಗಳಿಗೆ ಎಷ್ಟು ಜನ? ಎರಡು ತಿಂಗಳು ಒಂದು ಚೀಟಿಯಲ್ಲಿ ಗೀಟು ಹಾಕಿ ಎಣಿಸಿ. ಕಡಿಮೆ ಇದ್ದರೆ ನಿಮ್ಮ ಫೋನನ್ನೇ ಮೆಷಿನ್ ಮಾಡಿಕೊಳ್ಳುವ ಆ್ಯಪ್ ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ಫೋನಿನಲ್ಲಿ ಎನ್‌ಎಫ್‌ಸಿ (ತಾಗಿಸಿದ ಕಾರ್ಡನ್ನು ಓದುವ ಸೌಲಭ್ಯ) ಇರಬೇಕು, ಅಷ್ಟೇ. ಗಿರಾಕಿ ಕಾರ್ಡನ್ನು ಫೋನಿಗೆ ತಾಗಿಸಿದರೆ ಸಾಕು, 5,000 ರೂಪಾಯಿವರೆಗೆ ಪಿನ್ ಕೂಡ ಬೇಡ.

ಗಿರಾಕಿಯಿಂದ 2% ಕೇಳಬೇಡಿ. ಡೆಬಿಟ್ ಕಾರ್ಡಿನಲ್ಲಿ ಕಮಿಷನ್ ಗಿರಾಕಿ ಮೇಲೆ ಹಾಕಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಕ್ರೆಡಿಟ್ ಕಾರ್ಡಿನ ವಿಷಯಕ್ಕೆ ನಿಮ್ಮ ಒಪ್ಪಂದ ಓದಿ. ಅಷ್ಟಕ್ಕೂ ಹೇಗೂ ಚೌಕಾಸಿ ನಡೆಯುವ ಸೀರೆ ವ್ಯಾಪಾರದಲ್ಲಿ ಆ 120 ರೂಪಾಯಿ ಎಲ್ಲಿ ಸೇರಿಸಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಾ?

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಯವರು ಸ್ಕ್ಯಾನರ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದರು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಅದರಲ್ಲಿ ಕ್ಯಾಶೂ ಸೇರುತ್ತದೆ. ಹಾಗಾಗಿ ಕಾರ್ಡ್ ತಗೊಂಡಿದ್ದರಿಂದ ಹೊಸ ತೆರಿಗೆ ಏನೂ ಹುಟ್ಟುವುದಿಲ್ಲ. ಹೊರರಾಜ್ಯಕ್ಕೆ ಸೀರೆ ಕಳಿಸುವುದಾದರೆ ನಿಯಮ ಬೇರೆ, ಅದಕ್ಕೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಪ್ರಶ್ನೆ: ಹಾಸನದಲ್ಲಿ ಚಪ್ಪಲಿ ಅಂಗಡಿ ಇದೆ. ಮೆಷಿನ್ ‘ಡಿಕ್ಲೈನ್ಡ್’ ಅಂತ ಚೀಟಿ ಕೊಟ್ಟಿತು. ಗಿರಾಕಿ ಮೊಬೈಲಿಗೆ ದುಡ್ಡು ಕಟ್ ಆದ ಮೆಸೇಜ್ ಬಂತು. ‘ನನ್ನ ದುಡ್ಡು ಹೋಗಿದೆ, ಚಪ್ಪಲಿ ಕೊಡಿ’ ಅಂತ ಜಗಳ. ಕೊಡಬೇಕಿತ್ತಾ?
— ಓದುಗರು, ಹಾಸನ

ಉತ್ತರ: ಕೊಡಬೇಕಾಗಿರಲಿಲ್ಲ. ನಿಮ್ಮ ಕೈಗೆ ‘ಅಪ್ರೂವ್ಡ್’ ಚೀಟಿ ಬರದಿದ್ದರೆ ನಿಮಗೆ ದುಡ್ಡು ಬಂದಿಲ್ಲ ಅಂತಲೇ ಲೆಕ್ಕ. ಗಿರಾಕಿಯದೂ ಸುಳ್ಳಲ್ಲ, ಅವರ ಖಾತೆಯಿಂದ ಕಟ್ ಆಗಿರುತ್ತದೆ. ಆ ದುಡ್ಡನ್ನು ಬ್ಯಾಂಕ್ 5 ದಿನದೊಳಗೆ ತಾನಾಗಿಯೇ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಪರಿಹಾರ ಕೊಡಬೇಕು. ಇದನ್ನು ಹೇಳಿ, ಡಿಕ್ಲೈನ್ ಚೀಟಿಯ ಒಂದು ಪ್ರತಿ ಅವರಿಗೂ ಕೊಡಿ. ನಿಮ್ಮ ಪ್ರತಿಯ ಫೋಟೊ ಅವತ್ತೇ ತೆಗೆದಿಡಿ. ಆ ಕಾಗದ ಕೌಂಟರ್ ಮೇಲೆ ಬಿಸಿಲಿಗೆ ಬಿದ್ದರೆ ಅಕ್ಷರ ಅಳಿಸಿ ಬರೀ ಬಿಳಿ ಹಾಳೆ ಉಳಿಯುತ್ತದೆ.