ಅದೇ ಬೀದಿ, ಅದೇ ಕೋನ

ಪ್ರಶ್ನೆ: ನಮ್ಮ ಬೀದಿಯ ಹೆಂಚಿನ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆಗುತ್ತಿವೆ. ವರ್ಷಕ್ಕೊಮ್ಮೆ ಫೋಟೊ ತೆಗೆದರೂ ಒಂದಕ್ಕೊಂದು ಹೊಂದುವುದಿಲ್ಲ. ಕಟ್ಟಡಗಳೂ ಹಿಂದಕ್ಕೆ ವಾಲುತ್ತವೆ. ಏಕೆ?

ಉತ್ತರ: ವಾಲುವುದು ಕ್ಯಾಮೆರಾ ಮೇಲಕ್ಕೆತ್ತಿದ್ದರಿಂದ. ಟ್ರೈಪಾಡ್ ಮೇಲೆ ಮಟ್ಟವಾಗಿಟ್ಟು, ಹಿಂದೆ ಸರಿದು ತೆಗೆಯಿರಿ. ಕೆಳಗೆ ಹೆಚ್ಚಾಗಿ ಬರುವ ರಸ್ತೆಯನ್ನು ಆಮೇಲೆ ಕತ್ತರಿಸಿದರಾಯಿತು. ಹೊಂದದಿರಲು ಕಾರಣ ನಿಂತ ಜಾಗ. ಒಂದಡಿ ಸರಿದರೂ ಹತ್ತಿರದ ಕಂಬ ಹಿಂದಿನ ಕಿಟಕಿಯನ್ನು ಮುಚ್ಚುತ್ತದೆ. ಜೂಮ್ ಇದನ್ನು ಸರಿಪಡಿಸದು. ಹಳೆಯ ಪ್ರಿಂಟ್ ಕೈಯಲ್ಲಿ ಹಿಡಿದು, ಕಂಬದ ಅಂಚು ಕಿಟಕಿಗೆ ತಾಗುವ ಬಿಂದು ಸಿಗುವವರೆಗೆ ಸರಿದಾಡಿ. ಇಂಥ ಗುರುತುಗಳು ಮೂರಾದರೂ ಇರಲಿ, ಅವುಗಳಲ್ಲಿ ಎರಡು ಹೊಸ ಕಟ್ಟಡದವಾಗಿರಲಿ, ಹಳೆಯವು ಮುಂದಿನ ವರ್ಷ ಇರಲಾರವು! ಲೆನ್ಸ್, ಕ್ಯಾಮೆರಾ ಎತ್ತರ, ತಿಂಗಳು, ಗಂಟೆ ಬರೆದಿಡಿ. ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ರಂಧ್ರದ ಅಳತೆ) ಎಫ್ 8 ಸಾಕು. ಛಾಯಾಗ್ರಾಹಕ ಕಮಿಲೊ ಹೋಸೆ ವೆರ್ಗಾರಾ 1970ರ ದಶಕದಿಂದ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಅವೇ ಮೂಲೆಗಳಿಗೆ ಮರಳಿ ತೆಗೆದ ಸರಣಿಗಳನ್ನು ನೋಡಿ.